ಬರಿಗಾಲು, ತೆಳು ಶೂ ಮತ್ತು ಒಂದು ಉಣುಗು

ಶಿರಸಿ, ಸಿದ್ದಾಪುರದ ಕಡೆ ಒಂದು ಕತೆ ಓಡಾಡುತ್ತಿದೆ. ಕಾನಸೂರಿನ ಕಡೆಯ ಹುಡುಗಿಯೊಬ್ಬಳು ಯಲ್ಲಾಪುರದ ಗುಡ್ಡಗಾಡು ಓಟದಲ್ಲಿ, ಇನ್ನೇನು ಸೀಟಿ ಊದಬೇಕು ಅನ್ನುವಾಗ, ಫಾರಿನ್ ಶೂ ಕಿತ್ತೆಸೆದು ಬರಿಗಾಲಲ್ಲಿ ಓಡಿ ಎಲ್ಲರನ್ನೂ ಹಿಂದೆ ಹಾಕಿದಳಂತೆ. ಹೇಳುವವರು ಕೊನೆಗೊಂದು ತಾತ್ಪರ್ಯವನ್ನೂ ಸೇರಿಸುತ್ತಾರೆ: ನಮ್ಮ ಮಣ್ಣು, ನಮ್ಮ ಕಾಲು, ಮಧ್ಯೆ ಶೂ ಎಂತಕ್ಕೆ? ಕೇಳಿದವರು ತಲೆದೂಗುತ್ತಾರೆ. ಕತೆ ಚೆನ್ನಾಗಿದೆ, ಅದನ್ನು ನಾನೂ ಒಪ್ಪುತ್ತೇನೆ. ಚೆನ್ನಾಗಿರುವುದಕ್ಕೂ ನಡೆದಿರುವುದಕ್ಕೂ ಸಂಬಂಧ ಇರಬೇಕು ಅಂತ ಮಾತ್ರ ನನ್ನ ಹಟ.

ಆ ದಿನ ಸುಣ್ಣದ ಗೆರೆಯ ಪಕ್ಕ ನಿಂತಿದ್ದವಳು ನಾನು. ಅವಳನ್ನು ತಯಾರು ಮಾಡುವುದು ನನ್ನ ಕೆಲಸವಾಗಿತ್ತು. ಶೂವನ್ನು ಅವಳು ಎಸೆಯಲಿಲ್ಲ; ನಾನು ಬಿಚ್ಚಿಸಿದೆ, ಅವಳ ಮುಖ ಸಣ್ಣಗಾದರೂ ಬಿಚ್ಚಿಸಿದೆ. ಅವಳು ಎಲ್ಲರನ್ನೂ ಹಿಂದೆ ಹಾಕಲಿಲ್ಲ. ಆರನೆಯವಳಾಗಿ ಬಂದಳು, ಆರಿಸುವುದಿದ್ದದ್ದು ಆರೇ ಮಂದಿಯನ್ನು. ಇನ್ನು ಮಣ್ಣಿನ ಮೇಲಿನ ಅಭಿಮಾನ. ಆ ಬೆಳಿಗ್ಗೆ ನನ್ನೊಳಗೆ ಯಾವ ಅಭಿಮಾನವೂ ಇರಲಿಲ್ಲ, ಇದ್ದದ್ದು ಹೆದರಿಕೆ. ಎಳ್ಳಿಗಿಂತ ಸಣ್ಣದಾದ ಒಂದು ಹುಳದ ಹೆದರಿಕೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ವರ್ಷ ಅದು. ಕಾನಸೂರಿನಿಂದ ಸ್ವಲ್ಪ ಒಳಗಿನ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣದ ತಾತ್ಕಾಲಿಕ ಶಿಕ್ಷಕಿಯಾಗಿದ್ದೆ. ಶಿರಸಿಯಲ್ಲಿ ಮನೆ, ದಿನವೂ ಬಸ್ಸು. ಓದಿದ್ದು ಆಟೋಟದ ವಿಷಯವೇ ಆದರೂ ಕಾಲೇಜಿನಲ್ಲಿ ನಾನು ಗೆದ್ದ ಕಪ್ಪುಗಳೆಲ್ಲ ಚರ್ಚಾಸ್ಪರ್ಧೆಯವು. ಚೀಟಿ ಎತ್ತಬೇಕು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎದುರಿನವರ ಮಾತಿನಲ್ಲಿ ಸಡಿಲ ಮೊಳೆ ಎಲ್ಲಿದೆ ಅಂತ ಹುಡುಕಿ ಅಲ್ಲಾಡಿಸಬೇಕು. ಆ ಚಟ ಮೈದಾನಕ್ಕೂ ನನ್ನ ಜೊತೆ ಬಂದಿತ್ತು. ಪ್ರಾಂಶುಪಾಲರು ನನಗೆ ಏನಾದರೂ ಹೇಳುವ ಮೊದಲು ಒಮ್ಮೆ ನಿಟ್ಟುಸಿರು ಬಿಡುತ್ತಿದ್ದರು.

ಹುಡುಗಿ ದ್ವಿತೀಯ ಪಿಯುಸಿ. ತಂದೆ ಇಲ್ಲ. ತಾಯಿ ಒಂದಷ್ಟು ಗದ್ದೆ ಮಾಡಿಕೊಂಡು, ಬೇಸಿಗೆ ಶುರುವಾಗುವಾಗ ಬೇರೆಯವರ ಬೆಟ್ಟದಲ್ಲಿ ದರಕು ಗುಡಿಸಲು, ಅಂದರೆ ಉದುರಿದ ಒಣ ಎಲೆ ಒಟ್ಟುಮಾಡಲು ಹೋಗುತ್ತಿದ್ದರು. ಇವಳು ಓಡುತ್ತಿದ್ದಳು. ಕಾಲೇಜಿಗೆ ಬರುವುದೂ ಓಡಿಕೊಂಡೇ, ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು. ಚಪ್ಪಲಿ ಹಾಕಿ ಓಡಿದರೆ ಬಾರು ಕಿತ್ತುಹೋಗುತ್ತದೆ ಅನ್ನುವುದು ಅವಳ ಕಾರಣ. ಜಿಲ್ಲಾ ಮಟ್ಟದಲ್ಲಿ ಎರಡನೆಯವಳಾಗಿದ್ದಳು. ಮುಂದಿನ ಸುತ್ತು ಫೆಬ್ರವರಿ ಕೊನೆಗೆ ಯಲ್ಲಾಪುರದಲ್ಲಿ. ಅಲ್ಲಿ ಮೊದಲ ಆರರೊಳಗೆ ಬಂದರೆ ಕ್ರೀಡಾ ವಸತಿ ನಿಲಯದಲ್ಲಿ ಜಾಗ, ಪದವಿ ಮುಗಿಯುವವರೆಗೆ ಊಟ, ಓದು, ತರಬೇತಿ. ಬಾರದಿದ್ದರೆ ಮಾರ್ಚ್‌ಗೆ ಪರೀಕ್ಷೆ, ಆಮೇಲೆ ತಾಯಿಯ ಜೊತೆ ದರಕಿಗೆ. ಅವಳಿಗೆ ಇದು ಸ್ಪಷ್ಟವಾಗಿ ಗೊತ್ತಿತ್ತು, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶೂ ಬಂದದ್ದು ಶಿರಸಿಯ ಒಬ್ಬ ಹಲ್ಲಿನ ಡಾಕ್ಟರಿಂದ. ನಡುವಯಸ್ಸಿನ ಮನುಷ್ಯ, ಬೆಳಿಗ್ಗೆ ಬೆಳಿಗ್ಗೆ ಊರಿಡೀ ಓಡುತ್ತಿದ್ದರು, ನಾಯಿಗಳಿಗೂ ಅವರ ಗುರುತು. ಸಿಂಗಾಪುರಕ್ಕೆ ಹೋಗಿದ್ದಾಗ ಅಲ್ಲಿ ಹೊಸದಾಗಿ ಬಂದಿದ್ದ ಒಂದು ನಮೂನೆಯ ಶೂ ತಂದಿದ್ದರು. ಹಿಮ್ಮಡಿಗೆ ಮೆತ್ತೆ ಇಲ್ಲ, ಪಾದದ ಕೆಳಗೆ ಉಬ್ಬು ಇಲ್ಲ. ಅಟ್ಟೆ ಅಂದರೆ ಒಂದು ತೆಳ್ಳನೆಯ ರಬ್ಬರಿನ ಹಾಳೆ, ಮುದುರಿದರೆ ಮುಷ್ಟಿಯೊಳಗೆ ಹಿಡಿಯುವಷ್ಟು. ಮೇಲೆ ಬಲೆಯಂಥ ಬಟ್ಟೆ. ಸಾಕ್ಸ್ ಹಾಕುವ ಹಾಗಿಲ್ಲ. ತಮಗೆ ಅಂತ ತಂದದ್ದು ಬಿಗಿಯಾಯಿತು ಅಂತ ಈ ಹುಡುಗಿಗೆ ಕೊಡಲು ಮೈದಾನಕ್ಕೇ ಬಂದರು.

"ಇದು ಶೂ ಅಲ್ದೇ ಕೂಸೆ, ಬರಿಗಾಲೇಯ. ಕಲ್ಲು ಚುಚ್ಚದಿದ್ದಂಗೆ ಒಂದು ಪದರ, ಅಷ್ಟೇಯ" ಅಂತ ನನಗೆ ಹೇಳಿದರು.

"ಡಾಕ್ಟ್ರೆ, ಬರಿಗಾಲೇ ಆದ್ರೆ ಅದು ಅವಳ ಹತ್ರ ಆಗಲೇ ಎರಡು ಇದ್ದು. ಇದೆಂತಕ್ಕೆ?"

ಅವರು ಸುಮ್ಮನಾಗುವ ಪೈಕಿ ಅಲ್ಲ. ದಪ್ಪ ಹಿಮ್ಮಡಿಯ ಶೂಗಳು ಮನುಷ್ಯನ ಓಟವನ್ನೇ ಕೆಡಿಸಿವೆ, ಹಿಮ್ಮಡಿ ಊರಿ ಓಡುವುದನ್ನು ಕಲಿಸಿವೆ, ಮಂಡಿ ಸವೆಯುವುದು ಅದರಿಂದಲೇ. ಇದು ಪಾದಕ್ಕೆ ಅದರ ಬುದ್ಧಿಯನ್ನು ವಾಪಸು ಕೊಡುತ್ತದೆ ಅಂತ ಅರ್ಧ ಗಂಟೆ ಹೇಳಿದರು. ನಾನು ಹೇಳಿದೆ, ಕೆಟ್ಟಿದ್ದರೆ ತಾನೇ ರಿಪೇರಿ, ಇವಳ ಪಾದ ಬುದ್ಧಿ ಕಳೆದುಕೊಂಡೇ ಇಲ್ಲವಲ್ಲ. ಕಾಲಿಗೆ ಹಲ್ಲು ಹುಟ್ಟಿದ ದಿನ ನಿಮ್ಮ ಮಾತು ಪೂರ್ತಿ ಕೇಳುತ್ತೇನೆ ಅಂತಲೂ ಅಂದೆ. ಅವರು ನಕ್ಕು, ಪರೀಕ್ಷೆ ಮಾಡಿ ನೋಡು, ಬಾಯಲ್ಲೇ ಗೆಲ್ಲಬೇಡ ಅಂದರು. ಆ ಮಾತು ನನಗೆ ನಾಟಿತು.

ಪರೀಕ್ಷೆ ಮಾಡಿದೆ. ಓಡುವ ದಾರಿಯ ಒಂದು ಕಡೆ ನೆಲಕ್ಕೆ ನೀರು ಚಿಮುಕಿಸಿ, ಅದರ ಮೇಲೆ ಬಚ್ಚಲೊಲೆಯ ಬೂದಿ ಜರಡಿ ಹಿಡಿದು ತೆಳ್ಳಗೆ ಹರವಿದೆ. ಅವಳು ಅದರ ಮೇಲೆ ಹಾದುಹೋದರೆ ಪಾದದ ಅಚ್ಚು ಬೀಳುತ್ತದೆ, ಯಾವ ಭಾಗ ಮೊದಲು ಊರಿತು, ಯಾವ ಭಾಗಕ್ಕೆ ಭಾರ ಬಿತ್ತು ಗೊತ್ತಾಗುತ್ತದೆ. ಒಂದು ದಿನ ಮೊದಲು ಬರಿಗಾಲು, ಆಮೇಲೆ ಶೂ. ಮಾರನೆಯ ದಿನ ಮೊದಲು ಶೂ, ಆಮೇಲೆ ಬರಿಗಾಲು, ಇಲ್ಲದಿದ್ದರೆ ಸುಸ್ತಿನ ಲೆಕ್ಕ ಶೂವಿನ ತಲೆಗೆ ಬೀಳುತ್ತದೆ. ಜಂಬಿಟ್ಟಿಗೆಯ ಗಟ್ಟಿ ಕೆಂಪು ಮೈದಾನದಲ್ಲಿ, ಡಾಂಬರು ರಸ್ತೆಯಲ್ಲಿ, ಬೆಟ್ಟದ ಇಳಿಜಾರಿನಲ್ಲಿ.

ಬರಿಗಾಲಿನಲ್ಲಿ ಅಚ್ಚು ಸ್ಪಷ್ಟ: ಮುಂಗಾಲು ಒತ್ತಿ ಮೂಡಿದೆ, ಹಿಮ್ಮಡಿ ಬರೀ ಸವರಿಕೊಂಡು ಹೋಗಿದೆ. ಶೂವಿನಲ್ಲಿ ಮೊದಲ ವಾರ ಹಿಮ್ಮಡಿಯೇ ಮೊದಲು. ಡಾಕ್ಟರ ಸಿದ್ಧಾಂತ ಅಲ್ಲಿಗೇ ಬಿತ್ತು ಅಂದುಕೊಂಡೆ. ಎರಡು ವಾರ ಕಳೆಯುವಾಗ ಶೂವಿನಲ್ಲೂ ಮುಂಗಾಲೇ ಮೊದಲಾಯಿತು, ನನ್ನ ಖುಷಿಯೂ ಬಿತ್ತು. ಸಮತಟ್ಟು ನೆಲದಲ್ಲಿ ವೇಗದ ವ್ಯತ್ಯಾಸ ಸ್ಟಾಪ್‌ವಾಚ್ ಒತ್ತುವ ನನ್ನ ಹೆಬ್ಬೆರಳಿನ ತಪ್ಪಿಗಿಂತ ಹೆಚ್ಚಿರಲಿಲ್ಲ. ಒಣ ಎಲೆಯ ಮೇಲೆ ತಿರುಗುವಾಗ ಶೂ ಜಾರುತ್ತಿತ್ತು. ಆದರೆ ನೊರಜುಗಲ್ಲಿನ ಇಳಿಜಾರಿನಲ್ಲಿ ಶೂ ನಿಜವಾಗಿಯೂ ಗೆದ್ದಿತು. ಬರಿಗಾಲಲ್ಲಿ ಅವಳು ನೆಲ ನೋಡುತ್ತ ಜಾಗ ಹುಡುಕುತ್ತ ಇಳಿಯುತ್ತಿದ್ದಳು. ಶೂ ಇದ್ದಾಗ ತಲೆ ಎತ್ತಿ ಬಿಡುಬೀಸಾಗಿ ಬರುತ್ತಿದ್ದಳು. ಯಲ್ಲಾಪುರದ ದಾರಿಯಲ್ಲಿ ಇಳಿಜಾರು ಬಹಳ ಅಂತ ಕೇಳಿದ್ದೆ. ಒಬ್ಬಳ ಮೇಲೆ ಮಾಡಿದ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ ಅಂತ ಗೊತ್ತಿದ್ದೂ ಶೂ ಇರಲಿ ಅಂತ ತೀರ್ಮಾನಿಸಿದೆ. ಓಡಬೇಕಾದವಳೂ ಒಬ್ಬಳೇ ತಾನೆ.

ಅಭ್ಯಾಸ ಸುಲಭವಾಗಲಿಲ್ಲ. ಮೀನಖಂಡ ಕಲ್ಲಾಯಿತು. ಬೆರಳ ಸಂದಿಯಲ್ಲಿ, ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದಿತು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಓಡಿ ಒಂದು ದಿನವೂ ಬೊಬ್ಬೆ ಕಾಣದವಳು ಕುಂಟತೊಡಗಿದಳು. ಡಾಕ್ಟರಿಗೆ ಫೋನು ಮಾಡಿದೆ. ಒದ್ದೆ ಕಾಲಿಗೆ ಶೂ ಹಾಕುತ್ತಿದ್ದಾಳೆ, ಓಟದ ಹಿಂದೆಮುಂದೆ ಕಾಲು ನೆನೆಸಬಾರದು, ಚರ್ಮ ಮೆತ್ತಗಾದರೆ ಬೊಬ್ಬೆ ಏಳುತ್ತದೆ, ಪೌಡರು ಹಾಕಲಿ ಅಂದರು. ಸರಿಯಾದ ಸಲಹೆಯೇ. ಪೌಡರು ಹಾಕಿದ ಮೇಲೆ ಬೊಬ್ಬೆ ಒಣಗಿತು. ಅವಳು ಆ ಸಲಹೆಯನ್ನು ಔಷಧಿಯ ಪಥ್ಯದ ಹಾಗೆ ಹಿಡಿದುಕೊಂಡಳು.

ಬೆಟ್ಟದ ದಾರಿಯಲ್ಲಿ ಓಟ ಚೆನ್ನಾಗಿ ಸಾಗುತ್ತಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಆರೋಗ್ಯ ಸಹಾಯಕರೊಬ್ಬರು ಕಾಲೇಜಿಗೆ ಬಂದರು, ಕೈಯಲ್ಲಿ ಎಣ್ಣೆಯ ಬಾಟಲಿಗಳು. ಪಕ್ಕದ ಊರಿನ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆ. ಒಂದಲ್ಲ.

ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಹೊರಗಿನವರಿಗಾಗಿ ಹೇಳುತ್ತೇನೆ. ಮಂಗನ ಕಾಯಿಲೆ ಅಂತ ಒಂದಿದೆ. ಕಾಡಿನ ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ, ಅದನ್ನು ಹರಡುತ್ತದೆ. ಮೊದಲು ಮಂಗಗಳು ಸಾಯುತ್ತವೆ, ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಒಣ ಎಲೆಗಳಲ್ಲಿ ಕಾಯುತ್ತವೆ. ಅದು ಮನುಷ್ಯರಿಗೆ ಕಚ್ಚಿದರೆ ಕೆಲವು ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಮ್ಮೆಲೇ ತಲೆ ಸಿಡಿಯುವ ನೋವು, ಚಳಿ, ಜ್ವರ, ಮೈಕೈ ಮುರಿತ. ಕೆಲವರಿಗೆ ರಕ್ತ ಸೋರುತ್ತದೆ. ಹೆಚ್ಚಿನವರು ಎದ್ದು ಬರುತ್ತಾರೆ, ಕೆಲವರು ಬರುವುದಿಲ್ಲ. ಚಳಿ ಮುಗಿದು ಬಿಸಿಲು ಏರುವ ತಿಂಗಳುಗಳು ಅದರ ಕಾಲ. ನಾವು ಓಡುತ್ತಿದ್ದದ್ದು ಆ ತಿಂಗಳಲ್ಲಿ, ಅಂಥ ಎಲೆಗಳ ಮೇಲೆ.

ಕಾಡಿಗೆ ಹೋಗುವುದಿದ್ದರೆ ಉಣುಗು ಹತ್ತದ ಹಾಗೆ ಈ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಲ್ಲಿ ಮೈ ಉಜ್ಜಿ ತೊಳೆಯಿರಿ ಅಂತ ಅವರು ಹೇಳಿ ಮುಗಿಸುವ ಮೊದಲೇ ನಾನು ಬೆಟ್ಟದ ದಾರಿ ಬಿಟ್ಟು ರಸ್ತೆಯಲ್ಲೇ ಅಭ್ಯಾಸ ಅಂತ ನಿರ್ಧರಿಸಿಯಾಗಿತ್ತು. ಸಂಜೆ ಅವಳನ್ನು ಮೈದಾನದ ಕಟ್ಟೆಯ ಮೇಲೆ ಕೂರಿಸಿ, ಸುಮ್ಮನೆ ಒಮ್ಮೆ ನೋಡೋಣ ಅಂತ ಶೂ ಬಿಚ್ಚಿಸಿದೆ. ಎಡಗಾಲಿನ ಕಿರುಬೆರಳ ಸಂದಿಯಲ್ಲಿ, ಪೌಡರಿನ ಬಿಳುಪಿನ ನಡುವೆ, ಕಂದು ಚುಕ್ಕೆ. ಮಣ್ಣು ಅಂದುಕೊಂಡು ಉಗುರಿನಲ್ಲಿ ತಳ್ಳಿದೆ. ಜಾರಲಿಲ್ಲ. ಬಗ್ಗಿ ನೋಡಿದೆ. ಅದಕ್ಕೆ ಕಾಲುಗಳಿದ್ದವು.

ಅಲ್ಲಾಡಬೇಡ ಅಂತ ಅವಳಿಗೆ ಹೇಳಿ ಎದ್ದು ಹೋದೆ. ಪ್ರಯೋಗಾಲಯದ ಚಿಮುಟ ತಂದು, ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆದೆ. ಬಂತು. ಸುತ್ತ ಕೆಂಪಾಗಿತ್ತು. ಯಾವತ್ತಿನಿಂದ ಇದೆ ಅಂತ ಕೇಳಿದರೆ ಗೊತ್ತಿಲ್ಲ ಅಂದಳು. ತುರಿಸುತ್ತಿತ್ತಾ ಅಂದರೆ, ಬೊಬ್ಬೆ ಒಣಗುವಾಗ ತುರಿಸುತ್ತದೆ ಅಂತ ತಿಳಿದೆ ಅಂದಳು.

ಇಷ್ಟಾದರೂ ನನಗೆ ವಾದ ಬಿಡಲಿಲ್ಲ. ಇಷ್ಟು ವರ್ಷ ಬರಿಗಾಲಲ್ಲಿ ಇದೇ ಬೆಟ್ಟದಲ್ಲಿ ಓಡಿದವಳಿಗೆ ಕಚ್ಚಿ ಕೂರದ ಉಣುಗು ಶೂ ಹಾಕಿದ ಮೇಲೆ ಹೇಗೆ ಕೂತಿತು ಅಂತ ಅವಳನ್ನೇ ಕೇಳಿದೆ.

"ಹತ್ತೂದು ಯಾವಾಗ್ಲೂ ಹತ್ತತದೆ ಮೇಡಂ. ಮನಿಗೆ ಹೋದ್ಕೂಡ್ಲೆ ಕಾಲು ತೊಳೂದಲ್ವಾ, ತಿಕ್ಕಿ ತೊಳೂವಾಗ ಹೋತದೆ. ಈಗ ಕಾಲಿಗೆ ಮಣ್ಣೇ ಇರೂದಿಲ್ಲ. ಶೂ ಬಿಚ್ಚಿ ಸೀದ ಒಳಗೆ ಹೋಗೂದು."

ನಮ್ಮ ಮನೆಗಳಲ್ಲಿ ಹೊರಗಿಂದ ಬಂದವರು ಕಾಲು ತೊಳೆಯದೆ ಮೆಟ್ಟಿಲು ಹತ್ತುವುದಿಲ್ಲ. ಅದನ್ನು ಯಾರೂ ಆರೋಗ್ಯ ಅಂತ ಕರೆದಿಲ್ಲ, ಮಡಿ ಅನ್ನುತ್ತಾರೆ, ರೂಢಿ ಅನ್ನುತ್ತಾರೆ, ಹೆಚ್ಚಿನವರು ಏನೂ ಅನ್ನದೆ ತೊಳೆಯುತ್ತಾರೆ. ಬರಿಗಾಲಿನ ಮಣ್ಣು ಅವಳನ್ನು ದಿನವೂ ಹಂಡೆಯ ಹತ್ತಿರ ಕರೆದುಕೊಂಡು ಹೋಗುತ್ತಿತ್ತು. ಶೂ ಆ ಮಣ್ಣನ್ನು ತಡೆದಿತ್ತು. ಬಲೆಬಟ್ಟೆಯ ಮೇಲಂಚಿನಿಂದ ಒಳಗೆ ಇಳಿದ ಉಣುಗು ಬೆಚ್ಚಗೆ, ಕತ್ತಲಲ್ಲಿ, ಯಾರೂ ತಿಕ್ಕದ ಬೆರಳ ಸಂದಿಯಲ್ಲಿ ಕೂತಿತ್ತು. ಶೂವೇ ಕಾರಣ ಅಂತ ನಾನು ಇವತ್ತೂ ಪ್ರಮಾಣ ಮಾಡಿ ಹೇಳಲಾರೆ. ತೊಳೆದಿದ್ದರೂ ಆ ಒಂದು ಉಳಿಯಬಹುದಿತ್ತು. ಆದರೆ ಅವಳು ಹೇಳಿದ್ದರಲ್ಲಿ ಅಲ್ಲಾಡಿಸಲು ನನಗೆ ಯಾವ ಮೊಳೆಯೂ ಸಿಗಲಿಲ್ಲ.

ಆರೋಗ್ಯ ಸಹಾಯಕರನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದೆ. ಎಲ್ಲ ಉಣುಗಿನಲ್ಲೂ ಕಾಯಿಲೆ ಇರುವುದಿಲ್ಲ, ಸುಮ್ಮನೆ ಹೆದರಿಸಬೇಡಿ, ಒಂದು ವಾರ ಹತ್ತು ದಿನ ಕಾಯಿರಿ, ಜ್ವರವೋ ತಲೆನೋವೋ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಮಲಗಿಸದೆ ಕೂಡಲೇ ಆಸ್ಪತ್ರೆಗೆ ತನ್ನಿ ಅಂದರು. ಯಲ್ಲಾಪುರದ ಓಟ ಮುಂದಿನ ವಾರವೇ ಇತ್ತು. ಕಾಯಬೇಕಾದ ದಿನಗಳ ನಟ್ಟನಡುವೆ.

ಆ ವಾರ ನಾನು ಮಾಡಿದ ಕೆಲಸವೆಂದರೆ ಹೆದರುವುದು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಕಾಲೇಜಿಗೆ ಹೋಗುವ ಮೊದಲು ಅವಳ ಮನೆಗೆ ಹೋಗಿ ಬಾಯಿಗೆ ಥರ್ಮಾಮೀಟರು ಇಡುತ್ತಿದ್ದೆ. ಪಾದರಸ ಎಲ್ಲಿ ನಿಂತಿದೆ ಅಂತ ಬೆಳಕಿಗೆ ಹಿಡಿದು ಎರಡೆರಡು ಸಲ ತಿರುಗಿಸಿ ನೋಡುತ್ತಿದ್ದೆ. ತರಗತಿಯಲ್ಲಿ ಯಾವಳಾದರೂ ಹಣೆ ಒತ್ತಿಕೊಂಡರೆ ಹತ್ತಿರ ಹೋಗಿ ಮುಟ್ಟಿ ನೋಡುತ್ತಿದ್ದೆ. ಅವಳು ಮಾತ್ರ ಆರಾಮಾಗಿ ರಸ್ತೆಯಲ್ಲಿ ಓಡಿ ಬಂದು, ಮೇಡಂ ನಿಮಗೇ ಜ್ವರ ಬಂದಹಾಗೆ ಕಾಣ್ತದೆ ಅಂತ ನಗುತ್ತಿದ್ದಳು.

ಓಡಿಸಬೇಕೋ ಬೇಡವೋ ಅಂತ ನನ್ನೊಳಗೇ ಚರ್ಚಾಸ್ಪರ್ಧೆ ನಡೆಯುತ್ತಿತ್ತು. ಬೇಡ ಅನ್ನುವ ಪಕ್ಷ: ಮೈಯೊಳಗೆ ಕಾಯಿಲೆ ಶುರುವಾಗಿದ್ದರೆ ಬಿಸಿಲಲ್ಲಿ, ಗುಡ್ಡದಲ್ಲಿ ಜೋರಾಗಿ ಓಡಿ ದೇಹವನ್ನು ಹಿಂಡುವುದು ಕೊಲೆಗೆ ಸಮ. ಬೇಕು ಅನ್ನುವ ಪಕ್ಷ: ಜ್ವರ ಇಲ್ಲ, ತಲೆನೋವು ಇಲ್ಲ, ಉಣುಗಿನಲ್ಲಿ ಕಾಯಿಲೆ ಇತ್ತು ಅನ್ನುವುದಕ್ಕೆ ಆಧಾರ ಇಲ್ಲ; ಬರೀ ಊಹೆಯ ಮೇಲೆ ಒಬ್ಬಳ ಮುಂದಿನ ಮೂರು ವರ್ಷವನ್ನು ಕಿತ್ತುಕೊಳ್ಳಲು ನೀನು ಯಾರು? ಎರಡೂ ಕಡೆ ನಾನೇ ಮಾತಾಡಿದೆ, ಎರಡೂ ಕಡೆ ಗೆದ್ದೆ. ಕಪ್ಪು ಕೊಡುವವರು ಮಾತ್ರ ಯಾರೂ ಇರಲಿಲ್ಲ. ಇಷ್ಟು ವರ್ಷ ನಾನು ಹೆಮ್ಮೆಪಟ್ಟುಕೊಂಡಿದ್ದ ವಿದ್ಯೆ ಇಷ್ಟು ಭಯಂಕರವಾಗಿರುತ್ತದೆ ಅಂತ ಆಗ ಗೊತ್ತಾಯಿತು.

ತಾಯಿಯ ಹತ್ತಿರ ಎಲ್ಲ ಬಿಡಿಸಿ ಹೇಳಿದೆ, ಕೆಟ್ಟದ್ದನ್ನೂ ಸೇರಿಸಿ. ಅಂಗಳದಲ್ಲಿ ದರಕಿನ ಹೊರೆ ಇಳಿಸಿ, ಕಾಲು ತೊಳೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಅವರು ಹೇಳಿದರು:

"ನಂಗೆ ಓಟದ್ದು ಎಂತ ಗೊತ್ತದೆ ಅಕ್ಕೋರೆ. ಓಡ್ಲಿ ಅಂದ್ರೆ ಓಡ್ಲಿ, ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಅದ್ನ ನೀವೇ ಹೇಳ್ಬೇಕು. ನಾ ಬ್ಯಾಡ ಅಂದ್ರೆ ಇವ್ಳು ಜನ್ಮ ಇಡೀ ನನ್ನ ಮುಖ ನೋಡ್ತಾ ಕೂತ್ಕಳ್ತದೆ."

ನಾನು ಅಂದೆ: ಓಟದ ದಿನ ಬೆಳಿಗ್ಗೆ ಪಾದರಸ ಒಂದು ಗೆರೆ ಮೇಲೆ ಹೋದರೂ ಇಲ್ಲ, ತಲೆನೋವು ಅಂದರೂ ಇಲ್ಲ. ಹುಡುಗಿ ಬಾಗಿಲ ಹಿಂದಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಆಮೇಲೆ ಶೂವಿನ ಪ್ರಶ್ನೆ. ಯಲ್ಲಾಪುರದ ದಾರಿಯಲ್ಲೂ ಕಾಡಿನ ಭಾಗವಿದೆ. ಅಲ್ಲಿ ಮಂಗ ಸತ್ತ ಸುದ್ದಿ ಇರಲಿಲ್ಲ, ಆದರೆ ಸುದ್ದಿ ಇಲ್ಲದಿರುವುದು ಉಣುಗು ಇಲ್ಲದಿರುವುದಕ್ಕೆ ಆಧಾರ ಅಲ್ಲ. ಇನ್ನೊಂದು ಕಚ್ಚುವುದಕ್ಕೆ ನಾನು ಬಿಡುವ ಹಾಗಿರಲಿಲ್ಲ. ಎಣ್ಣೆ ಹಚ್ಚಲೇಬೇಕು. ಎಣ್ಣೆ ಹಚ್ಚಿದ ಕಾಲಿಗೆ ಶೂ ಹಾಕಿಸಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಒಳಗೆ ಪಾದ ಮೀನಿನ ಹಾಗೆ ಜಾರಿತು. ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ಹೋಗಿ ಗುದ್ದಿದವು, ಒಂದು ಉಗುರು ನೀಲಿಯಾಯಿತು. ಪಾದ ಬಿಟ್ಟು ಮೇಲೆ ಮಾತ್ರ ಎಣ್ಣೆ ಹಚ್ಚಿದರೆ ಬೆವರಿಗೆ ಇಳಿದು ಅದೇ ಕತೆ. ಎಣ್ಣೆ ಹಚ್ಚಿ ಬರಿಗಾಲಲ್ಲಿ ಓಡಿಸಿದೆ. ಅಂಗಾಲಿನ ಎಣ್ಣೆಯನ್ನು ದೂಳು ಕೂಡಲೇ ಕುಡಿದುಬಿಟ್ಟಿತು, ಮೇಲ್ಪಾದದಲ್ಲಿ, ಬೆರಳ ಸಂದಿಯಲ್ಲಿ ಉಳಿಯಿತು. ಹಿಡಿತ ಸರಿ ಇತ್ತು. ಹಾಗಾದರೆ ಆಯ್ಕೆ ಇದು: ಶೂ ಹಾಕಿದರೆ ಎಣ್ಣೆ ಇಲ್ಲ, ಎಣ್ಣೆ ಬೇಕಾದರೆ ಶೂ ಇಲ್ಲ. ಬರಿಗಾಲಿಗೆ ಇಳಿಜಾರಿನಲ್ಲಿ ಕೆಲವು ಕ್ಷಣ ಹೋಗುತ್ತದೆ. ಹೋಗಲಿ.

ಓಟದ ಬೆಳಿಗ್ಗೆ ಯಲ್ಲಾಪುರದ ಮೈದಾನದ ಮೂಲೆಯಲ್ಲಿ, ಒಂದು ಮರದ ಕೆಳಗೆ, ಥರ್ಮಾಮೀಟರು ಇಟ್ಟೆ. ಸರಿಯಾಗಿತ್ತು. ಸಮಾಧಾನವಾಗದೆ ಕೊಡವಿ ಇನ್ನೊಮ್ಮೆ ಇಟ್ಟೆ. ಸರಿಯಾಗೇ ಇತ್ತು. ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ಕೇಳಿದೆ, ತಲೆನೋವು ಇದೆಯಾ, ಸೊಂಟ ನೋವು, ಕಣ್ಣಿನ ಹಿಂದೆ ನೋವು, ಏನಾದರೂ?

"ಎಂತದೂ ಇಲ್ಲ ಮೇಡಂ."

ಅವಳು ಈಗಾಗಲೇ ಶೂ ಹಾಕಿಕೊಂಡು ಬಂದಿದ್ದಳು. ಬಿಚ್ಚು ಅಂದೆ. ನನ್ನ ಮುಖ ನೋಡಿದಳು, ಆಚೆ ನಿಂತಿದ್ದ ಡಾಕ್ಟರ ಮುಖ ನೋಡಿದಳು. ಅವರು ತಮ್ಮ ಶೂ ಓಡುವುದನ್ನು ನೋಡಲು ಕ್ಯಾಮೆರಾ ಹಿಡಿದುಕೊಂಡು ಶಿರಸಿಯಿಂದ ಬಂದಿದ್ದರು. ಉಣುಗಿನ ಹೆದರಿಕೆ ಇದ್ದರೆ ಕಾಲು ಮುಚ್ಚಬೇಕೋ ತೆರೆಯಬೇಕೋ, ಸಣ್ಣ ಮಕ್ಕಳಿಗೂ ಗೊತ್ತಿರುವುದನ್ನು ನೀನು ತಲೆಕೆಳಗು ಮಾಡುತ್ತೀಯಲ್ಲ ಅಂತ ಜಗಳಕ್ಕೇ ಬಂದರು. ಮಾತಿನ ಮಟ್ಟಿಗೆ ಅವರ ವಾದ ನನ್ನದಕ್ಕಿಂತ ಚೆನ್ನಾಗಿತ್ತು. ಪೂರ್ತಿ ಮುಚ್ಚುವ ದಪ್ಪ ಶೂ, ಮೊಳಕಾಲವರೆಗಿನ ಸಾಕ್ಸ್ ಇದ್ದಿದ್ದರೆ ನಾನೂ ಅವರ ಪಕ್ಷವೇ. ಆದರೆ ಅದನ್ನು ಇವಳು ಯಾವತ್ತೂ ಹಾಕಿದವಳಲ್ಲ, ಮೊದಲ ತಿರುವಿಗೇ ಕಾಲು ಉಳುಕುತ್ತದೆ. ಈ ಬಲೆಬಟ್ಟೆ ಉಣುಗನ್ನು ತಡೆಯುವುದಿಲ್ಲ, ಅಡಗಿಸುತ್ತದೆ. ಕಾಣುವ ಕಾಲನ್ನು ನಾನು ಕಾಯಬಲ್ಲೆ ಅಂದೆ. ಎಲ್ಲವನ್ನೂ ವಿವರಿಸಲು ಹೊತ್ತಿರಲಿಲ್ಲ. ಅವಳು ಶೂ ಬಿಚ್ಚಿ ಒಂದರೊಳಗೊಂದು ಸೇರಿಸಿ ನನ್ನ ಕೈಗೆ ಕೊಟ್ಟಳು. ನಾನು ಮಂಡಿಯೂರಿ ಅವಳ ಪಾದಕ್ಕೆ, ಬೆರಳ ಸಂದಿ ಸಂದಿಗೆ, ಮೊಣಕಾಲಿನವರೆಗೆ ಎಣ್ಣೆ ಹಚ್ಚಿದೆ. ಎಷ್ಟೋ ಜನ ನೋಡಿ ಅದನ್ನು ಯಾವುದೋ ಆಶೀರ್ವಾದದ ಶಾಸ್ತ್ರ ಅಂದುಕೊಂಡರು. ಜನ ಕತೆ ಕಟ್ಟಿದ್ದು ಬಹುಶಃ ಆ ನೋಟದಿಂದ.

ಸೀಟಿ ಆಯಿತು. ಎಲ್ಲರೂ ಗುಂಪಾಗಿ ರಸ್ತೆ ದಾಟಿ ಕಾಡಿನ ದಾರಿಯಲ್ಲಿ ಮರೆಯಾದರು. ಕಾಡಿನಿಂದ ದಾರಿ ಹೊರಬರುವ ಕಡೆ ನಾನು ಎರಡು ಕೊಡ ನೀರು, ಸೋಪು ಇಟ್ಟುಕೊಂಡು ನಿಂತೆ. ಅಲ್ಲಿಂದ ಮೈದಾನಕ್ಕೆ ಸ್ವಲ್ಪವೇ ದೂರ. ಓಟದ ನಡುವೆ ನಿಲ್ಲಿಸುವುದಕ್ಕಲ್ಲ ನೀರು. ಅವಳು ಅಲ್ಲೇನಾದರೂ ಕುಸಿದರೆ ಅಂತ. ಆ ಯೋಚನೆಯನ್ನು ನಾನು ನೀರು ತುಂಬುವಾಗ ಪೂರ್ತಿ ಮಾಡಿರಲಿಲ್ಲ, ಅಲ್ಲಿ ನಿಂತ ಮೇಲೆ ಅದು ತಾನಾಗಿಯೇ ಪೂರ್ತಿಯಾಯಿತು.

ಮೊದಲ ಹುಡುಗಿ ಬಂದಳು. ಎರಡನೆಯವಳು, ಮೂರನೆಯವಳು ಜೊತೆಜೊತೆಗೆ. ಆಮೇಲೆ ಬಹಳ ಹೊತ್ತು ಯಾರೂ ಇಲ್ಲ. ಒಣ ಎಲೆಯ ಸದ್ದು ಕೇಳಿದಾಗಲೆಲ್ಲ ನಾನು ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದೆ. ಒಳಗೆ ಓಡಿಹೋಗಿ ನೋಡಲೇ ಅನ್ನಿಸಿತು. ಹೋದರೆ ಅವಳನ್ನು ಅನರ್ಹಗೊಳಿಸುತ್ತಾರೆ. ನಾಲ್ಕನೆಯವಳು ಬಂದಳು. ಐದನೆಯವಳು, ಆರನೆಯವಳು, ಏಳನೆಯವಳು ಒಟ್ಟಿಗೆ ಬಂದರು. ಏಳನೆಯವಳು ನಮ್ಮವಳು.

ಅವಳ ಬಣ್ಣ ಸರಿ ಇರಲಿಲ್ಲ. ಓಡಿ ಕೆಂಪಾದ ಮುಖ ಅದಲ್ಲ, ಬೂದಿ ಬಣ್ಣ. ಒಂದು ಕೈಯಲ್ಲಿ ತಲೆಯ ಪಕ್ಕ ಒತ್ತಿ ಹಿಡಿದಿದ್ದಳು, ಕಣ್ಣು ಕಿರಿದು ಮಾಡಿಕೊಂಡಿದ್ದಳು. ಸಾಕು, ನಿಲ್ಲು ಅಂತ ಕೂಗಿದೆ. ಕೂಗಿದ್ದು ನಿಜ, ಪಕ್ಕದಲ್ಲಿದ್ದ ಸ್ವಯಂಸೇವಕ ನನ್ನನ್ನು ವಿಚಿತ್ರವಾಗಿ ನೋಡಿದ. ಅವಳು ನನ್ನ ಕಡೆ ತಿರುಗಲಿಲ್ಲ. ಕೈ ಇಳಿಸಿ, ಕೊನೆಯ ರಸ್ತೆಯಲ್ಲಿ ಒಬ್ಬಳನ್ನು ದಾಟಿದಳು. ಬರಿಗಾಲಿನ ಸದ್ದು ಡಾಂಬರಿನ ಮೇಲೆ ಪಟಪಟ ದೂರವಾಯಿತು. ನಾನು ಸೋಪು ಕೈಯಲ್ಲೇ ಹಿಡಿದುಕೊಂಡು ಹಿಂದೆ ಓಡಿದೆ.

ಮೈದಾನದಲ್ಲಿ ಅವಳ ಕಾಲು ತೊಳೆದು, ಬೆರಳು ಬೆರಳು ಬಿಡಿಸಿ ನೋಡಿದೆ. ಏನೂ ಇರಲಿಲ್ಲ. ಡಾಕ್ಟರು ಸಿಟ್ಟು ಮರೆತು ಫೋಟೋ ತೆಗೆದರು. ಮಧ್ಯಾಹ್ನದ ಶಿರಸಿ ಬಸ್ಸು ಹಿಡಿದೆವು. ಅರ್ಧ ದಾರಿಯಲ್ಲಿ ಅವಳು ನನ್ನ ಶಾಲು ಕೇಳಿದಳು. ಹೊರಗೆ ಬಿಸಿಲು ಸುಡುತ್ತಿತ್ತು, ಕಿಟಕಿಯಿಂದ ಬಿಸಿಗಾಳಿ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಈ ಸಲ ನನಗೆ ಥರ್ಮಾಮೀಟರು ಬೇಕಾಗಲಿಲ್ಲ.

ಬಸ್ ಸ್ಟ್ಯಾಂಡಿನಿಂದ ನೇರ ಆಸ್ಪತ್ರೆ. ಉಣುಗು ಕಚ್ಚಿದ್ದನ್ನು ಮೊದಲೇ ಹೇಳಿದ್ದರಿಂದ ಕೂಡಲೇ ರಕ್ತ ತೆಗೆದು ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಿದರು. ಇದಕ್ಕೆ ಅಂತ ಬೇರೆ ಔಷಧಿ ಇಲ್ಲ, ಡ್ರಿಪ್ ಹಾಕುತ್ತೇವೆ, ರಕ್ತ ನೋಡುತ್ತಿರುತ್ತೇವೆ, ಜ್ವರ ಇಳಿಯುವುದನ್ನು ಕಾಯಬೇಕು ಅಂದರು. ತಾಯಿ ಬಂದು ಹಾಸಿಗೆಯ ಕಾಲ ಬಳಿ ಕೂತವರು ಏಳಲಿಲ್ಲ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಲು ನನಗೆ ಬರುತ್ತಿತ್ತು.

ಜ್ವರ ಇಳಿಯದ ಮೂರನೆಯ ದಿನವಿರಬೇಕು, ಹಲ್ಲಿನ ಡಾಕ್ಟರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಅವಳು ನೀರು ಕುಡಿದು ಲೋಟ ಇಟ್ಟಾಗ ಅಂಚಿನಲ್ಲಿ ಕೆಂಪು. ಹಲ್ಲುಜ್ಜುವಾಗ ತಾಗಿರಬೇಕು ಅಂತ ತಾಯಿ ಅಂದರು. ಡಾಕ್ಟರು ಜೇಬಿನ ಟಾರ್ಚು ತೆಗೆದು, ಬಾಯಿ ತೆರೆಸಿ, ವಸಡಿನ ಮೇಲೆ ಬೆಳಕು ಹಾಯಿಸಿ ಬಹಳ ಹೊತ್ತು ನೋಡಿದರು. ನನ್ನನ್ನು ಹೊರಗೆ ಕರೆದು, "ಇದು ಹಲ್ಲಿನಿಂದ ಬಪ್ಪ ರಕ್ತ ಅಲ್ಲ ಕೂಸೆ" ಅಂದರು. ಹಲ್ಲಿನ ವಿಷಯದಲ್ಲಿ ಅವರು ಹೇಳಿದ ಮಾತಿನಲ್ಲೂ ಸಡಿಲ ಮೊಳೆ ಹುಡುಕಿದೆ, ವಾದ ಗೆಲ್ಲುವುದಕ್ಕಲ್ಲ, ಅವರ ಮಾತು ಸುಳ್ಳಾಗಲಿ ಅಂತ ಬೇಡಿಕೊಂಡು. ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಬರಿಗಾಲು, ತೆಳು ಶೂ ಎರಡರ ಸುದ್ದಿಯನ್ನೂ ಯಾರೂ ಎತ್ತಲಿಲ್ಲ.

ರಕ್ತ ತಾನಾಗಿ ನಿಂತಿತು. ಜ್ವರ ಒಂದು ಬೆಳಿಗ್ಗೆ ಇಳಿಯಿತು, ಮತ್ತೆ ಏರಲಿಲ್ಲ. ಶಿವಮೊಗ್ಗದಿಂದ ಫಲಿತಾಂಶ ಬಂದಾಗ ಅವಳು ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಆರೋಗ್ಯ ಸಹಾಯಕರು ಬಾಯಿಮಾತಿನಲ್ಲೇ ಹೇಳಿದರು, ಅದೇ ಕಾಯಿಲೆ. ಹಾಗಾದರೆ ಯಲ್ಲಾಪುರದ ದಿನ ಅದು ಅವಳ ಮೈಯೊಳಗೆ ಇತ್ತು. ಆಸ್ಪತ್ರೆಯ ವೈದ್ಯರು ಇನ್ನೊಂದು ಮಾತು ಸೇರಿಸಿದರು: ಕೆಲವರಿಗೆ ಜ್ವರ ಪಾದರಸದಲ್ಲಿ ಕಾಣುವುದಕ್ಕೆ ಸ್ವಲ್ಪ ಮೊದಲೇ ತಲೆನೋವು ಶುರುವಾಗಬಹುದು.

ನಾನು ಆ ಬೆಳಿಗ್ಗೆಯನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದ್ದೇನೆ. ಜ್ವರ ಅಳೆಯಲು ನನ್ನ ಕೈಯಲ್ಲಿ ಉಪಕರಣ ಇತ್ತು, ಎರಡು ಸಲ ಅಳೆದೆ. ತಲೆನೋವು ಅಳೆಯಲು ಅವಳ ಬಾಯಿಮಾತು ಒಂದೇ. ಹೌದು ಅಂದರೆ ಓಟ ಇಲ್ಲ ಅಂತ ಅವಳ ಅಂಗಳದಲ್ಲೇ ನಿಂತು ಸಾರಿದ್ದೆ, ಅವಳು ಬಾಗಿಲ ಹಿಂದೆ ಕೇಳಿಸಿಕೊಂಡಿದ್ದಳು. ಗೆಲುವಿನಲ್ಲಿ ಪಾಲಿರುವ ಸಾಕ್ಷಿಯ ಮಾತನ್ನು ಯಾವ ಚರ್ಚೆಯಲ್ಲೂ ನಾನು ಹಾಗೇ ಒಪ್ಪಿದವಳಲ್ಲ.

ವಸತಿ ನಿಲಯದವರು ಅವಳ ಜಾಗವನ್ನು ಜೂನ್‌ವರೆಗೆ ಕಾಯ್ದಿರಿಸಿದರು. ಪರೀಕ್ಷೆಯನ್ನು ಅವಳು ತಡವಾಗಿ, ಮರುಪರೀಕ್ಷೆಯಲ್ಲಿ ಬರೆದಳು. ಅವಳು ಹೊರಡುವ ಮೊದಲು ಕಾಲೇಜಿನಲ್ಲಿ ಒಂದು ಸಣ್ಣ ಸನ್ಮಾನ. ಡಾಕ್ಟರೇ ಮುಖ್ಯ ಅತಿಥಿ. ಶೂ ಕಿತ್ತೆಸೆದ ಕತೆ ಮೊದಲು ವೇದಿಕೆ ಹತ್ತಿದ್ದು ಅಲ್ಲಿ, ಬೇರೊಬ್ಬ ಭಾಷಣಕಾರರ ಬಾಯಲ್ಲಿ. ಡಾಕ್ಟರು ತಲೆ ತಗ್ಗಿಸಿ ಸುಮ್ಮನೆ ಕೇಳಿಸಿಕೊಂಡರು. ಹುಡುಗಿ ಸೊರಗಿದ್ದಳು, ಕೂದಲು ಉದುರಿ ಜಡೆ ಬೆರಳಿನಷ್ಟು ತೆಳ್ಳಗಾಗಿತ್ತು. ಚಪ್ಪಾಳೆ ಬಿದ್ದಾಗ ನಗುತ್ತಿದ್ದಳು.

ಎಲ್ಲ ಮುಗಿದ ಮೇಲೆ ಜಗುಲಿಯಲ್ಲಿ ಅವಳೂ ನಾನೂ ಇಬ್ಬರೇ ಉಳಿದೆವು. ತಾಯಿ ನಲ್ಲಿಯ ಹತ್ತಿರ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದರು. ಬೈಯುವುದಿಲ್ಲ ಅಂದೆ. ಯಾರಿಗೂ ಹೇಳುವುದಿಲ್ಲ, ನಿನ್ನ ಜಾಗಕ್ಕೂ ಏನೂ ಆಗುವುದಿಲ್ಲ ಅಂದೆ. ಅವಳು ಶಾಲಿನ ಅಂಚನ್ನು ಮಡಚುತ್ತ, ಬಿಚ್ಚುತ್ತ, ಮೈದಾನದ ಕಡೆ ನೋಡುತ್ತಿದ್ದಳು. ಆಗ ಕೇಳಿದೆ:

"ಯಲ್ಲಾಪುರದಲ್ಲಿ, ಆ ಮರದ ಕೆಳಗೆ ನಾನು ನಿನ್ನ ಮುಖ ಹಿಡ್ಕೊಂಡು ಕೇಳ್ದಾಗ, ನಿಂಗೆ ತಲೆನೋವು ಆಗಲೇ ಶುರುವಾಗಿತ್ತಾ?"